ಹಿಂದಿನ ಸೀಟಿನವರು

ಬೈಕು ಕೊಂಡವರ ಸಭೆಗೆ ಹಿಂದಿನ ಸೀಟಿನವರನ್ನೂ ಕರೆದುಕೊಂಡು ಬನ್ನಿ ಎಂದು ಶೋರೂಮಿನವರು ಹೇಳಿದ್ದರು. ಹಾಗಾಗಿ ಅನುಸೂಯಾಳೂ ಬಂದಳು, ಬಸ್ಸಿನಲ್ಲಿ. ಕೊಪ್ಪಳದಿಂದ ಬೈಕಿನಲ್ಲಿ ಮೊದಲೇ ಗಂಗಾವತಿ ತಲುಪಿದ್ದ ಅವಳ ಗಂಡ ಸುಭಾಷ್, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಶೋರೂಮಿನ ಬಾಗಿಲಲ್ಲಿ ಕಾಯುತ್ತಿದ್ದ. ಎರಡು ವರ್ಷದಿಂದ ಎಲ್ಲಿಗೆ ಹೋದರೂ ಹೀಗೆಯೇ. ಇರಕಲ್ಲಗಡದ ಮದುವೆಗಾಗಲಿ, ಹುಲಿಹೈದರದ ಅವಳ ತವರಿಗಾಗಲಿ, ಅವನು ಬೈಕಿನಲ್ಲಿ, ಅವಳು ಬಸ್ಸಿನಲ್ಲಿ. ಇಬ್ಬರೂ ಕೂಡಿ ಸಮುದ್ರದ ತನಕ ಹೋಗಿಬರೋಣ ಎಂದೇ ಅವನು ಆ ದೊಡ್ಡ ಬೈಕು ಕೊಂಡಿದ್ದ. ಸಮುದ್ರದ ಮಾತು ಈಗ ಮನೆಯಲ್ಲಿ ಏಳುತ್ತಿರಲಿಲ್ಲ.

ಒಳಗೆ ಬೈಕ್ ಕಂಪನಿಯ ಗೋವಿಂದರಾಜ ಮೊಬೈಲಿನ ರೆಕಾರ್ಡರ್ ಹಚ್ಚಿ ಕೂತಿದ್ದ. "ಮುಂದಿನ ಮಾಡೆಲ್‌ನಲ್ಲಿ ಏನೇನು ಸುಧಾರಿಸಬೇಕು? ಸಂಕೋಚ ಬೇಡ, ಹೇಳಿ."

"ಇನ್ನಷ್ಟು ದಮ್ಮು ಬೇಕ್ರಿ ಗಾಡಿಗೆ," ಎಂದ ರೈಸ್ ಮಿಲ್ಲಿನ ಪ್ರಭುರಾಜ. "ಮತ್ತ ಹಿಂದಿನ ಸೀಟು ಕಿತ್ತಹಾಕ್ರಿ. ಮನ್ಯಾಗ ನೆಮ್ಮದಿ ಇರ್ತೈತಿ."

ಉಳಿದವರೆಲ್ಲ ನಕ್ಕರು. ಅನುಸೂಯಾ ತಿರುಗುವ ಫ್ಯಾನು ನೋಡುತ್ತಿದ್ದಳು. ಸುಭಾಷನಿಗೂ ನಗು ಬರಲಿಲ್ಲ. ತನ್ನ ಸರದಿ ಬಂದಾಗ ದಣಿದ ದನಿಯಲ್ಲೇ ಹೇಳಿದ. "ಎಂಜಿನ್ ಕಾವು ಮೊಣಕಾಲಿಗೆ ಬಡೀತೈತ್ರಿ. ಭತ್ತದ ಲಾರಿ ಹಿಂದ ಸಿಕ್ಕೊಂಡ್ರ ಮುಗೀತು, ಕಾಲು ಬೆಂದ ಹೋಗ್ತಾವ. ಮುಂದಿನ ಗಾಜು ಗಾಳಿ ತಡಿಯಂಗಿಲ್ಲ, ತಂದು ತಲಿಗೇ ಹೊಡಿತೈತಿ. ಅದೆಲ್ಲ ಹೆಂಗರ ಇರ್ಲಿ. ಹಿಂದಿನ ಸೀಟು ಇಳಸ್ರಿ. ಅಟ್ಟ ಹತ್ತಿದಂಗ ಆಗತೈತಿ. ನಮ್ಮನಿಯವ್ರು ಇವತ್ತಿನ ತನಕ ಹತ್ತೇ ಇಲ್ಲ."

ಗೋವಿಂದರಾಜ ಮೊಬೈಲನ್ನು ಅನುಸೂಯಾಳ ಕಡೆ ಸರಿಸಿದ. "ಒಂದ್ಸಲಾನೂ ಇಲ್ವಾ ಮೇಡಂ? ಸೀಟು ಎತ್ತರ ಅಂತಾನಾ?"

ಅವಳು ಗಂಡನ ಕಡೆ ನೋಡಿದಳು. "ಅವ್ರು ಹಂಗ ಅಂತಾರ."

ಗೋವಿಂದರಾಜನೇ ಎದ್ದು ಅವರನ್ನು ಹೊರಗೆ ಕರೆದೊಯ್ದ. ಅಂಗಳದಲ್ಲಿ ನಿನ್ನೆಯಷ್ಟೇ ಲಾರಿಯಿಂದ ಇಳಿಸಿದ ಬೈಕೊಂದು ನಿಂತಿತ್ತು. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. "ಹತ್ತಿ ನೋಡಿ ಮೇಡಂ. ಎಲ್ಲಿ ತೊಂದರೆ ಆಗುತ್ತೆ ಹೇಳಿ." ಸುಭಾಷ್ ಆಸರೆಗೆ ಕೈ ಚಾಚಿದ. ಅವಳು ಹಿಡಿಯಲಿಲ್ಲ. ನೆರಿಗೆಯನ್ನು ಒಂದು ಕೈಯಲ್ಲಿ ಒತ್ತಿಕೊಂಡು, ಹಿಂದಿನ ಚಕ್ರದ ಪಕ್ಕದಲ್ಲಿದ್ದ ಜಾಲರಿಯ ಕೆಳಗಿನ ಪಟ್ಟಿಗೆ ಕಾಲಿಟ್ಟು ಒಂದೇ ಸಲಕ್ಕೆ ಹತ್ತಿ, ಒಂದು ಬದಿಗೆ ಕೂತಳು. ಸೆರಗನ್ನು ಮಡಿಲಿಗೆ ತಂದುಕೊಂಡಳು. ಎಷ್ಟೋ ದಿನದಿಂದ ಅಲ್ಲಿಯೇ ಕೂತು ರೂಢಿಯಿದ್ದವಳ ಹಾಗೆ.

ಸುಭಾಷ್ ಕಣ್ಣು ಕಿರಿದು ಮಾಡಿದ. "ಇದರ ಸೀಟು ಇಳಿಸ್ಯಾರೇನ್ರಿ?"

"ಇಲ್ಲ ಸಾರ್. ನಿಮ್ಮದರಷ್ಟೇ ಎತ್ತರ. ಬಣ್ಣ ಒಂದು ಬೇರೆ, ಅಷ್ಟೇ."

ಆಗ ಅವನ ಕಣ್ಣು ಆ ಜಾಲರಿಗೆ ಬಿತ್ತು. ಸೀರೆ ಚಕ್ರಕ್ಕೆ ಸಿಗದಂತೆ ಕಾಯುವ, ಕಾಲಿಗೆ ಆಸರೆಯಾಗುವ ಸೀರೆ ಗಾರ್ಡ್. ಎರಡು ವರ್ಷದ ಹಿಂದೆ ಇದೇ ಅಂಗಳದಲ್ಲಿ, ಬೈಕು ಮನೆಗೆ ಒಯ್ಯುವ ದಿನ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಮೆಕ್ಯಾನಿಕ್ ಮಾಜೀದ ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಬಂದು, "ಗಾರ್ಡ್ ಬಿಚ್ಚಲೇನ್ರಿ ಸರ್? ಲುಕ್ ಕೆಡಸ್ತೈತಿ. ಎಲ್ಲಾರೂ ಬಿಚ್ಚಸ್ತಾರ," ಎಂದಿದ್ದ. ಸುಭಾಷ್ ಬೈಕಿನಿಂದ ಕಣ್ಣು ತೆಗೆಯದೆ "ಬಿಚ್ಚು" ಎಂದಿದ್ದ. ಅವನ ಬೆನ್ನ ಹಿಂದೆ ಅನುಸೂಯಾ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ಅವತ್ತೇ ಒಂದು ಮಾತು ಹೇಳಬಾರದಿತ್ತೇನ?" ಎಂದ, ಮೆಲ್ಲಗೆ.

"ನೀವು ಬಿಚ್ಚು ಅಂದ್ರಿ. ಮತ್ತೇನ್ ಹೇಳೂದಿತ್ತು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಒಳ್ಳೆಯದಿತ್ತು ಎನಿಸಿತು ಅವನಿಗೆ.

ಗೋವಿಂದರಾಜ ಮೊಬೈಲ್ ಮುಂದೆ ಮಾಡಿದ. "ಮೇಡಂ, ಮುಂದಿನ ಮಾಡೆಲ್‌ಗೆ ಏನು ಬೇಕು?"

ಅವಳು ಇಳಿದು ಸೀರೆ ಸರಿಮಾಡಿಕೊಂಡಳು. "ಇದನ್ನ ಬಿಚ್ಚಾಕ ಬರದಂಗ ಕೂಡಸ್ರಿ." ಅಷ್ಟು ಹೇಳಿ, ಕೊಪ್ಪಳದ ಬಸ್ಸಿನ ಹೊತ್ತಾಯಿತೆಂದು ರಸ್ತೆಯ ಕಡೆ ನಡೆದಳು.

ಸುಭಾಷ್ ಅಂಗಳದಾಚೆಯ ರಿಪೇರಿ ಶೆಡ್ಡಿಗೆ ಓಡಿದ. "ಮಾಜೀದ, ನನ್ನ ಗಾಡೀದು ಸೀರಿ ಗಾರ್ಡ್ ಐತೇನಪಾ?"

"ಎಲ್ಲಿ ಹೋಗ್ತೈತ್ರಿ ಸರ್, ಯಾರೂ ಒಯ್ಯಂಗಿಲ್ಲ," ಎಂದು ಮಾಜೀದ ಶೆಡ್ಡಿನ ಹಿಂದಕ್ಕೆ ಕರೆದೊಯ್ದ. ಅಲ್ಲಿ ಗೋಡೆಗೆ ಒರಗಿ ಎದೆಯೆತ್ತರಕ್ಕೆ ಗಾರ್ಡುಗಳ ರಾಶಿ ಬಿದ್ದಿತ್ತು. ಕೆಲವು ಹೊಳೆಯುತ್ತಿದ್ದವು, ಕೆಲವಕ್ಕೆ ತುಕ್ಕು ಹಿಡಿದಿತ್ತು. "ನಿಮ್ದು ಯಾವ್ದೋ ಏನೋ, ನೀವೇ ಹುಡುಕ್ರಿ."

ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಸುಭಾಷ್ ಅವಸರದಲ್ಲಿ ಕೈಗೆ ಸಿಕ್ಕ ಒಂದನ್ನು ಹಿಡಿದು ಎಳೆದ. ಒಂದಕ್ಕೊಂದು ಹೆಣೆದುಕೊಂಡಿದ್ದ ಇಡೀ ರಾಶಿಯೇ ಅದರ ಜೊತೆ ಜರುಗಿ ಬಂತು.