ಒಣಗದ ಗೋಡೆ

ಹೊಸದಾಗಿ ಬಂದ ಮಂದಾಕಿನಿಗೆಂದು ಊರೆಲ್ಲ ಸೇರಿ ಕಟ್ಟಿದ ಮನೆಯ ಗೋಡೆ ಹನ್ನೊಂದು ದಿನವಾದರೂ ಹಸಿಯಾಗಿಯೇ ಇತ್ತು. ನಮ್ಮೂರ ಮಣ್ಣಿನ ಸ್ವಭಾವವೇ ಹಾಗೆ. ಊರಲ್ಲಿರುವ ಪ್ರತಿಯೊಬ್ಬರೂ ಒಂದೊಂದು ಹಿಡಿ ಮೆತ್ತುವ ತನಕ ಅದು ಒಣಗುವುದಿಲ್ಲ. ಪಡುವಣದಲ್ಲಿ ಬೇರೆ ಮೋಡ ಕಟ್ಟುತ್ತಿತ್ತು. ಮಳೆ ಬಿದ್ದರೆ ಗೋಡೆ ಕರಗಿಹೋಗುತ್ತಿತ್ತು.

ಮೆತ್ತದವರು ಯಾರೆಂದು ಗೌಂಡಿಯಾದ ನನಗೆ ಅನುಮಾನವೇ ಇರಲಿಲ್ಲ. ಮಂದಾಕಿನಿ ತನ್ನ ಮೊದಲ ಪಾಳಿಯಲ್ಲೇ ಸಾಮೂಹಿಕ ಅಡುಗೆಮನೆಯ ಹೆಪ್ಪಿನ ಗಡಿಗೆಯನ್ನು ಸೋಪು ಹಾಕಿ ಫಳಫಳ ತೊಳೆದಿಟ್ಟಿದ್ದಳು. ಹತ್ತೊಂಬತ್ತು ವರ್ಷ ಆ ಹೆಪ್ಪನ್ನು ಕಾಪಾಡಿಕೊಂಡು ಬಂದಿದ್ದ ಫಕೀರವ್ವ ಅಂದಿನಿಂದ ಆಕೆಯೊಡನೆ ಮಾತು ಬಿಟ್ಟಿದ್ದಳು.

ಗೋಡೆಯ ಮುಂದೆ ಹಾದು ಹೊರಟಿದ್ದ ಮುದುಕಿ ಫಕೀರವ್ವನನ್ನು ತಡೆದೆ. "ಸಿಟ್ಟು ಬಿಡ ಬೇ ಅಜ್ಜಿ, ಒಂದ ಹಿಡಿ ಮೆತ್ತಿ ಹೋಗು."

"ನಾ ಮೊದಲ್ನೇ ದಿನಾನ ಮೆತ್ತೇನೋ ಗೌಂಡಿ! ನನ್ನ ಸಿಟ್ಟು ಗಡಿಗಿ ಸಲುವಾಗಿ. ಗ್ವಾಡಿ ಏನ ಮಾಡೇತಿ ನನಗ? ಈ ಮನಿ ಯಾರದೈತೋ ಆಕೀನ್ನ ಕೇಳೀಯೇನು?"

ನೀರು ಹೊರುತ್ತಿದ್ದ ಮಂದಾಕಿನಿ ಕೊಡ ಇಳಿಸಿ ತಲೆ ತಗ್ಗಿಸಿದಳು. "ಹೆಪ್ಪು ಹಾಳು ಮಾಡಿದ ಕೈ ಇದು, ಅಣ್ಣಾ. ಹೆಂಗ ಮೆತ್ತಲಿ ಅಂತ ಸುಮ್ಮನಿದ್ದೆ."

ಫಕೀರವ್ವ ಆ ಕೈಯನ್ನು ಹಿಡಿದೆಳೆದು, ಕೆಸರಿನಲ್ಲಿ ಅದ್ದಿ, ಗೋಡೆಗೆ ಒತ್ತಿದಳು. ನೋಡನೋಡುತ್ತಿದ್ದಂತೆ ಗೋಡೆ ಒಣಗಿ ಬೆಳ್ಳಗಾಯಿತು. ನಾನು ಕೇಕೆ ಹಾಕಿದೆ.

"ನಮ್ಮ ತಂಗಿ ಊರಿಂದ ಹೊಸಾ ಹೆಪ್ಪು ತರಿಸೇನಿ," ಎಂದಳು ಫಕೀರವ್ವ. "ಇನ್ನಮ್ಯಾಲೆ ಆ ಗಡಿಗಿ ನೋಡ್ಕೊಳ್ಳೋದು ನಿನ್ನ ಕೆಲಸ. ಸೋಪು ಮುಟ್ಟಿದಿ ಅಂದ್ರ, ಈ ಗ್ವಾಡಿ ನಾನ ಕೆಡವತೇನಿ!"