ಪಕ್ಕದ ಮೇಜಿನವಳು

ಗಂಡ ಎಡಗಡೆ ಮಾತ್ರ ಅಗಿಯುತ್ತಿದ್ದ. ಇವಳು ಊಟ ಬಿಟ್ಟು ಅವನ ದವಡೆಯನ್ನೇ ನೋಡುತ್ತಿದ್ದಳು. ಹಾಗಾದರೆ ಆ ಹೆಂಗಸು ಬರೆದದ್ದು ನಿಜ.

“ಏನು ಹಾಗೆ ನೋಡ್ತಿದ್ದೀಯ?”

“ಏನಿಲ್ಲ. ಹಲ್ಲು ನೋವಾ?”

“ತುಂಬಾ ದಿನದಿಂದ,” ಎಂದು ಮತ್ತೆ ತಟ್ಟೆಗೆ ತಲೆ ಬಗ್ಗಿಸಿದ.

ತುಂಬಾ ದಿನದಿಂದ! ಕಟ್ಟಿಕೊಂಡ ಹೆಂಡತಿಗೆ ಗೊತ್ತಿಲ್ಲ, ಪಕ್ಕದ ಮೇಜಿನವಳಿಗೆ ಗೊತ್ತು.

ಬ್ಲಾಗ್ ತೋರಿಸಿದ್ದು ತಂಗಿ. ‘ಓದೇ ಅಕ್ಕಾ, ಭಾವ ಮಾಡೋ ಕೆಲಸದ್ದೇ, ನಕ್ಕು ನಕ್ಕು ಸಾಕಾಯ್ತು’ ಎಂದು ಲಿಂಕ್ ಕಳಿಸಿದ್ದಳು. ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನ ಕಥೆಗಳು. ಬರೆಯುವವಳು ತಾನು ಹೆಂಗಸೆಂದು ಹೇಳಿಕೊಂಡಿದ್ದಳು, ಹೆಸರು ಮಾತ್ರ ಹಾಕಿರಲಿಲ್ಲ. ಮಾತಿಗೆ ಮೊದಲು ಸೀಟಿ ಹೊಡೆಯುವ ಮಾಲೀಕನನ್ನು ‘ಕುಕ್ಕರ್’ ಎಂದು ಕರೆದಿದ್ದಳು. ಇಬ್ಬರು ಮುದುಕರ ಸೆಟ್ ಅದಲುಬದಲಾದಾಗ, ಕುಕ್ಕರ್ ‘ರೂಢಿಯಾಗತ್ತೆ ಬಿಡಿ’ ಎಂದು ಇಬ್ಬರನ್ನೂ ಸಾಗಹಾಕಿದ್ದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಳು.

ಇವಳೂ ನಕ್ಕಿದ್ದಳು, ಕಥೆಯೊಳಗೆ ‘ಪಕ್ಕದ ಮೇಜಿನವರು’ ಬರುವ ತನಕ. ಕನ್ನಡಕದ ಕಾಲಿಗೆ ನೀಲಿ ದಾರ ಸುತ್ತಿಕೊಂಡವರು. ಮೇಣದಲ್ಲಿ ಹಲ್ಲು ಕೆತ್ತುವಾಗ ಉಸಿರು ಬಿಗಿಹಿಡಿಯುವವರು. ‘ಎಡಗಡೆ ಮಾತ್ರ ಅಗಿಯುತ್ತಾರೆ. ಊರಿಗೆಲ್ಲ ಹಲ್ಲು ಮಾಡುವವರ ಬಾಯೊಳಗೆ ಯಾರೂ ನೋಡಿಲ್ಲ.’

ನೀಲಿ ದಾರ ಇವಳದೇ ಹೊಲಿಗೆ ಡಬ್ಬಿಯದು.

ಅವನು ಜ್ವರ ಬಂದು ಮನೆಯಲ್ಲಿದ್ದ ವಾರ ಬ್ಲಾಗೂ ಸುಮ್ಮನಿತ್ತು. ಆಮೇಲೆ ಒಂದೇ ಸಾಲು: ‘ಆ ಮೇಜು ಖಾಲಿ ಇದ್ದಾಗ ಬರೆಯಲು ಕೈಯೇ ಏಳಲಿಲ್ಲ.’ ಇವಳು ಆ ಸಾಲನ್ನು ತಂಗಿಗೆ ಕಳಿಸಿದಳು.

“ಭಾವನ್ನೇ ಕೇಳಿಬಿಡೇ,” ಎಂದಳು ತಂಗಿ ಫೋನಿನಲ್ಲಿ.

“ಏನಂತ? ನಿಮ್ಮ ದವಡೆ ಕಾಯ್ತಿರೋ ಮಹಾರಾಣಿ ಯಾರು ಅಂತಾನಾ?”

“ನೋಡೋಕೆ ಹೇಗಿದಾಳೋ!”

“ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದಾಳೆ.”

ಗಂಡನನ್ನು ಕೇಳಲಾಗಲಿಲ್ಲ. ಹಲ್ಲಿನ ಮಾತು ಮನೆಗೆ ತರಬೇಡಿ ಎಂದು ಮದುವೆಯಾದ ಹೊಸತರಲ್ಲೇ ಮುಖ ಸಿಂಡರಿಸಿದ್ದಳು. ಅವನು ತಂದಿರಲೂ ಇಲ್ಲ. ಈಗ ಯಾವ ಮುಖ ಹೊತ್ತು ಕೇಳುವುದು? ಅದಲುಬದಲಾದ ಸೆಟ್‌ಗಳ ಬರಹವನ್ನು ಲ್ಯಾಬಿನ ಮಾಲೀಕನಿಗೇ ಮೇಲ್ ಮಾಡಿದಳು, ತನ್ನ ಹೆಸರು ಹಾಕದೆ. ‘ನಿಮ್ಮಲ್ಲೇ ಒಬ್ಬರು ಬರೆದದ್ದು. ನೋಡಿಕೊಳ್ಳಿ.’

ಆಮೇಲೆ ಹಗುರಾಗಿ ತಲೆ ಬಾಚಿಕೊಂಡಳು. ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಗಂಡನಿಗೆ ಸಮಯ ಗೊತ್ತುಮಾಡಿದಳು. ಅವನ ಹಲ್ಲು ನೋಡಲು ಇನ್ನು ಮನೆಯಲ್ಲೇ ಜನ ಇದ್ದಾರೆ.

ಮರುದಿನ ಅವನು ಮಧ್ಯಾಹ್ನವೇ ಬಂದ. ಮುಖ ಬಾಡಿತ್ತು. ಚೀಲವನ್ನು ಕುರ್ಚಿಯ ಮೇಲಿಟ್ಟು ನಿಂತೇ ಇದ್ದ. ಅವಳು ಹೋದಳೆಂದು ಇಷ್ಟೊಂದು ದುಃಖವೇ?

“ಕೆಲಸದಿಂದ ತೆಗೆದರಾ?” ಬಾಯಿ ಜಾರಿತು.

“ನಿನಗೆ ಹೇಗೆ ಗೊತ್ತು?”

“ಹೋದರೆ ಹೋಗಲಿ ಬಿಡಿ. ಪಕ್ಕದ ಮೇಜು ಖಾಲಿಯಾಯ್ತಲ್ಲ, ಇನ್ನು ನೆಮ್ಮದಿಯಾಗಿ ಕೂತು ಹಲ್ಲು ಕೆತ್ತಿ.”

ಅವನು ತಲೆಯೆತ್ತಿದ. “ನೀನು ಅದನ್ನ ಓದ್ತಿದ್ದೆಯಾ?” ಸಂತೋಷವೋ ಎಂಬಂತೆ ಕಣ್ಣು ಅರಳಿ, ಹಾಗೆಯೇ ಆರಿಹೋಯಿತು. “ಓಹೋ. ಮೇಲ್ ಹಾಕಿದ್ದು ನೀನೇನಾ?”

ಇವಳು ಸೆರಗು ಬಿಗಿದುಕೊಂಡಳು. “ಹೌದು, ನಾನೇ. ಯಾಕೆ, ಅವಳಿಗೆ ಹೇಳ್ತೀರಾ?”

ಅವನು ಚೀಲ ಬಿಚ್ಚಿದ. ಮೇಣ ಕೆತ್ತುವ ತನ್ನ ಚಾಕುಗಳನ್ನು ಒಂದೊಂದಾಗಿ ಊಟದ ಮೇಜಿನ ಮೇಲಿಟ್ಟ.

“ಆ ಸೆಟ್‌ಗಳ ವಿಷಯ ಮಾಲೀಕರಿಗೂ ನನಗೂ ಮಾತ್ರ ಗೊತ್ತಿತ್ತು ಕಣೇ. ನಮ್ಮ ಲ್ಯಾಬಲ್ಲಿ ಹೆಂಗಸರೇ ಇಲ್ಲ. ನನ್ನ ಕಡೆ ನೋಡೋಕೆ ಯಾರಾದರೂ ಒಬ್ಬರು ಇರಲಿ ಅಂತ, ಅವಳನ್ನ ನಾನೇ ಬರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ.”