ನೆಲಾ ನೋಡಬ್ಯಾಡ್ರಿ

ನೆರಳು ಮನುಷ್ಯನಿಗಿಂತ ಎರಡು ನಿಮಿಷ ಮುಂದೆ ಓಡುವುದು ಯಾರಿಗೂ ಹೊಸದಲ್ಲ. ಅಂಗಳದಲ್ಲಿ ಮಗುವಿನ ನೆರಳು ಮುಗ್ಗರಿಸಿ ಬಿದ್ದರೆ ತಾಯಂದಿರು ಸುಮ್ಮನೆ ಅರಿಶಿನದ ಡಬ್ಬಿ ತರಲು ಒಳಗೆ ಹೋಗುತ್ತಾರೆ. ಚೆಸ್ ಆಡುವಲ್ಲಿ ಮಾತ್ರ ಹಾಗೆ ಮುಂಚಿತವಾಗಿ ನೋಡುವಂತಿಲ್ಲ. ಹಾಗಾಗಿ ಧಾರವಾಡದ ಆ ಸಭಾಂಗಣದಲ್ಲಿ ಕಿಟಕಿಗಳಿಗೆಲ್ಲ ದಪ್ಪ ಪರದೆ ಬಿಟ್ಟು, ನೆರಳು ಬೀಳದಂತೆ ಸುತ್ತಲೂ ದೀಪ ಹಾಕಿದ್ದರು.

ಅದು ಕೊನೆಯ ಸುತ್ತು. ಗೆದ್ದರೆ ಶಾಂತಲಾ ಮುಳಗುಂದ ರಾಜ್ಯ ತಂಡಕ್ಕೆ ಹೋಗುತ್ತಾಳೆ. ಎದುರಿಗೆ ಹಿರಿಯ ಆಟಗಾರ ನದಾಫರು. ಅವರನ್ನು ಅವಳು ಒಮ್ಮೆಯೂ ಸೋಲಿಸಿಲ್ಲ. ಇವತ್ತು ಅವಳ ಕಡೆ ಒಂದು ಕುದುರೆ ಹೆಚ್ಚಿದೆ. ಆದರೂ ಮೇಜಿನ ಕೆಳಗೆ ಕಾಲು ಕುಣಿಯುವುದು ನಿಲ್ಲುತ್ತಿಲ್ಲ.

ಗಾಳಿಗೆ ಪರದೆಯೊಂದು ಹಾರಿ ಸಂಜೆಬಿಸಿಲು ಒಳಗೆ ನುಗ್ಗಿತು.

"ಪರದೆ ಜಗ್ಗ್ರಿ! ಯಾರೂ ನೆಲಾ ನೋಡಬ್ಯಾಡ್ರಿ!" ತೀರ್ಪುಗಾರರು ಕೂಗಿದರು.

ಅಷ್ಟರಲ್ಲಿ ಶಾಂತಲಾ ನೋಡಿಬಿಟ್ಟಿದ್ದಳು. ನೆಲದ ಮೇಲೆ ಅವಳ ನೆರಳೂ ನದಾಫರ ನೆರಳೂ ಕೈಕುಲುಕುತ್ತಿದ್ದವು. ಸೋತವರು ಮೊದಲು ಕೈ ಚಾಚುವುದು ಆಟದ ರೂಢಿ. ಅಂದರೆ ಇನ್ನೆರಡು ನಿಮಿಷಕ್ಕೆ ಆಟ ಮುಗಿಯಿತು, ಮುದುಕ ಸೋಲೊಪ್ಪುತ್ತಾನೆ!

ಮತ್ತೆ ಲೆಕ್ಕ ಹಾಕುವ ತಾಳ್ಮೆ ಅವಳಿಗೆ ಉಳಿಯಲಿಲ್ಲ. ರಾಜನ ಸಾಲನ್ನು ಕಾಯುತ್ತಿದ್ದ ಆನೆಯನ್ನೇ ಎತ್ತಿ ನದಾಫರ ಕಾಲಾಳನ್ನು ಹೊಡೆದಳು. ಅವರು ಕೊಂಚ ಹೊತ್ತು ಹಲಗೆ ನೋಡಿದರು. ಬಳಿಕ ಅವರ ಆನೆ ನೆಟ್ಟಗೆ ಬಂದು ಆ ಖಾಲಿ ಸಾಲಿನಲ್ಲಿ ಕೂತಿತು. ಅವಳ ರಾಜನಿಗೆ ತಪ್ಪಿಸಿಕೊಳ್ಳಲು ಒಂದು ಮನೆಯೂ ಇರಲಿಲ್ಲ.

"ಗೆಲ್ಲೂ ಆಟ ಇತ್ತಲ್ಲ ತಂಗಿ, ಯಾಕ ಗಡಿಬಿಡಿ ಮಾಡಿದಿ?" ಎಂದರು ನದಾಫರು.

ಶಾಂತಲಾ ನೆರಳುಗಳು ಕೈಕುಲುಕಿದ್ದನ್ನು ನೋಡಿದ್ದಳು. ಮೊದಲು ಚಾಚಿದ ಕೈ ಯಾರದೆಂದು ನೋಡಿರಲಿಲ್ಲ.

ಈಗ ಚಾಚಿದಳು.